ಹೆತ್ತವರನ್ನು ಸಾಕಿದ ಕೂಸು
ಮೂಕಿ ಚಿತ್ರಗಳ ಬಾಲತಾರೆ ಬೇಬಿ ಪೆಗ್ಗಿಯ ಬಾಳಕಥೆ

ಹೆತ್ತವರು ಮಗುವನ್ನು ಸಾಕುವುದು ಲೋಕರೂಢಿ. ಆದರೆ ಇನ್ನೂ ಹಾಲುಹಲ್ಲು ಬೀಳದ ಕೂಸೊಂದು ತಾನೇ ದುಡಿದು ತಂದೆ, ತಾಯಿ, ಅಕ್ಕ ಎಲ್ಲರನ್ನೂ ಸಾಕಿತೆಂದರೆ ಯಾರು ತಾನೆ ನಂಬಿಯಾರು? ಬರಿಯ ಹೊಟ್ಟೆಬಟ್ಟೆಗೆ ಸಾಕಿದ್ದಲ್ಲ; ಬಂಗಲೆಯಲ್ಲಿರಿಸಿ, ಬೆಲೆಬಾಳುವ ಕಾರುಗಳಲ್ಲಿ ಓಡಾಡಿಸಿ, ಸಕಲ ವೈಭವದಿಂದ ಸಾಕಿತು! ಚಲಚ್ಚಿತ್ರಕ್ಕೆ ಇನ್ನೂ ಬಾಯಿ ಬಾರದಿದ್ದ ಕಾಲದಲ್ಲಿ ಅಮೆರಿಕದ ಮನೆಮನೆಯನ್ನೂ ನಗಿಸಿದ ಆ ಕೂಸಿನ ಹೆಸರು ಬೇಬಿ ಪೆಗ್ಗಿ. ಐದು ವರ್ಷ ತುಂಬುವ ವೇಳೆಗೆ ಅವಳಿಗೆ ಬಂದ ಅಭಿಮಾನಿಗಳ ಪತ್ರಗಳು 12 ಲಕ್ಷಕ್ಕೂ ಹೆಚ್ಚು. ಆ ಪತ್ರಗಳನ್ನು ಓದಲು ಅವಳಿಗೆ ಅಕ್ಷರವೇ ಬರುತ್ತಿರಲಿಲ್ಲ.

ವಿಧೇಯತೆಯೇ ಬಂಡವಾಳ

ಪೆಗ್ಗಿ-ಜೀನ್ ಮಾಂಟ್‌ಗೊಮೆರಿ ಹುಟ್ಟಿದ್ದು 1918ರ ಅಕ್ಟೋಬರ್ 29ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದಲ್ಲಿ. ತಂದೆ ಜ್ಯಾಕ್ ಕುದುರೆ ಸವಾರಿಯಲ್ಲಿ ನುರಿತ ಕೌಬಾಯ್. ಆ ಕಾಲದ ಪ್ರಸಿದ್ಧ ಸಾಹಸನಟ ಟಾಮ್ ಮಿಕ್ಸ್‌ಗೆ ಬದಲಾಗಿ ಅಪಾಯದ ದೃಶ್ಯಗಳಲ್ಲಿ ಕಾಣಿಸಿಕೊಂಡು ಆತ ಸಂಸಾರ ಸಾಗಿಸುತ್ತಿದ್ದ. ಪೆಗ್ಗಿಗೆ ಇನ್ನೂ 19 ತಿಂಗಳು. ತಾಯಿ ಮೇರಿಯನ್ ಒಂದು ದಿನ ಕೂಸನ್ನೆತ್ತಿಕೊಂಡು ಹಾಲಿವುಡ್‌ನ ಸೆಂಚುರಿ ಸ್ಟುಡಿಯೋವನ್ನು ನೋಡಲು ಹೋದಳು. ಸುತ್ತಲಿನ ಗದ್ದಲಕ್ಕೆ ಅಳದೆ, ಹಟ ಮಾಡದೆ, ಹೇಳಿದಂತೆ ಕೇಳಿಕೊಂಡು ಕುಳಿತಿದ್ದ ಮಗು ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್‌ನ ಕಣ್ಣಿಗೆ ಬಿತ್ತು. ಬ್ರೌನಿ ಎಂಬ ಜಾಣ ನಾಯಿಯ ಜೊತೆಗಾತಿಯಾಗಿ ನಟಿಸಲು ಅಂಥದೊಂದು ಮಗುವೇ ಆತನಿಗೆ ಬೇಕಾಗಿತ್ತು. 1921ರಲ್ಲಿ ಬಂದ ‘ಪ್ಲೇಮೇಟ್ಸ್’ ಎಂಬ ಕಿರುಚಿತ್ರ ಜನರನ್ನು ನಕ್ಕುನಲಿಸಿತು. ಪೆಗ್ಗಿಯ ಭಾಗ್ಯದ ಬಾಗಿಲು ತೆರೆಯಿತೆಂದು ಎಲ್ಲರೂ ಹೇಳಿದರು.

ಅವಳ ಪ್ರತಿಭೆಯನ್ನು ಪತ್ರಿಕೆಗಳು ಹಾಡಿ ಹೊಗಳಿದವು. ತಂದೆಯಾದರೋ ಪ್ರತಿಭೆಯ ಮಾತನ್ನೇ ಎತ್ತುತ್ತಿರಲಿಲ್ಲ. ಮಗಳ ವಿಧೇಯತೆಯೇ ಆತನ ಹೆಮ್ಮೆ. ಕುದುರೆಯನ್ನು ಪಳಗಿಸುವಂತೆ ಮಗಳನ್ನೂ ಪಳಗಿಸಿದ್ದ. ಬೆರಳು ಚಿಟಿಕೆ ಹೊಡೆದು ‘ಅಳು’ ಎಂದರೆ ಅಳಬೇಕು, ‘ನಗು’ ಎಂದರೆ ನಗಬೇಕು, ‘ಹೆದರು’ ಎಂದರೆ ಹೆದರಬೇಕು. ಪೆಗ್ಗಿ ಹಾಗೆಯೇ ಮಾಡುತ್ತಿದ್ದಳು. ಮಾತಿಲ್ಲದ ಚಿತ್ರದಲ್ಲಿ ಮುಖವೇ ಮಾತು. ಮುಖ ಮಾತ್ರ ಅವಳದು, ಅದರ ಮೇಲೆ ಮೂಡುತ್ತಿದ್ದ ಭಾವ ತಂದೆಯ ಆಜ್ಞೆ.

1921ರಿಂದ 1924ರೊಳಗೆ ಅವಳು ಸುಮಾರು 150 ಕಿರುಚಿತ್ರಗಳಲ್ಲಿ ನಟಿಸಿದಳು. ದೊಡ್ಡ ದೊಡ್ಡ ತಾರೆಯರ ಹಾವಭಾವಗಳನ್ನು ಮೂರು ವರ್ಷದ ಮಗು ಅಣಕಿಸಿ ತೋರಿಸುವುದೆಂದರೆ ಪ್ರೇಕ್ಷಕರಿಗೆ ಎಲ್ಲಿಲ್ಲದ ಹಿಗ್ಗು. ಗಿಡ್ಡಗೆ ಕತ್ತರಿಸಿದ ಕಪ್ಪು ಕೂದಲು, ಅಗಲವಾದ ಕಪ್ಪು ಕಣ್ಣುಗಳ ಬೇಬಿ ಪೆಗ್ಗಿ ಬೊಂಬೆಗಳು ಅಂಗಡಿಗಳಿಗೆ ಬಂದವು. 1924ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಡೆಮೋಕ್ರಾಟಿಕ್ ಪಕ್ಷದ ಮಹಾಧಿವೇಶನದ ವೇದಿಕೆಯ ಮೇಲೂ ಅವಳನ್ನು ನಿಲ್ಲಿಸಿದರು. ಮುಂದೆ ರಾಷ್ಟ್ರಾಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟನ ಪಕ್ಕದಲ್ಲಿ ನಿಂತು ಈ ಪುಟ್ಟ ಹುಡುಗಿ ಬಾವುಟ ಬೀಸಿದಳು.

ನಗೆಯ ಹಿಂದಿನ ಬವಣೆ

ತೆರೆಯ ಮೇಲಿನ ನಗೆಯ ಬೆಲೆ ಎಷ್ಟೆಂಬುದು ತೆರೆಯ ಹಿಂದೆ ನಿಂತವರಿಗೆ ಗೊತ್ತಿತ್ತು. ವಾರದಲ್ಲಿ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಕಾರ್ಖಾನೆಯ ವಯಸ್ಕ ಕೆಲಸಗಾರನಿಗೆ ಇದ್ದಷ್ಟೇ! ಅಪಾಯದ ದೃಶ್ಯಗಳಲ್ಲಿ ಅವಳಿಗೆ ಬದಲಾಗಿ ಬೇರೆಯವರನ್ನು ನಿಲ್ಲಿಸುತ್ತಿರಲಿಲ್ಲ. ಒಂದು ಚಿತ್ರಕ್ಕಾಗಿ ಅವಳನ್ನು ಸಮುದ್ರದ ನೀರಿನಲ್ಲಿ ಪ್ರಜ್ಞೆ ತಪ್ಪುವವರೆಗೆ ಮುಳುಗಿಸಿ ಹಿಡಿದರು. ಇನ್ನೊಂದರಲ್ಲಿ ರೈಲುಗಾಡಿಯ ಅಡಿಯಲ್ಲಿ ಕೂರಿಸಿ ಓಡಿಸಿದರು. 1923ರ ‘ದಿ ಡಾರ್ಲಿಂಗ್ ಆಫ್ ನ್ಯೂಯಾರ್ಕ್’ ಚಿತ್ರದಲ್ಲಿ ಉರಿಯುವ ಕೋಣೆಯಿಂದ ಅವಳೊಬ್ಬಳೇ ಪಾರಾಗಿ ಬರಬೇಕಿತ್ತು. ಆ ಬೆಂಕಿ ನಿಜವಾದ ಬೆಂಕಿಯೇ.

ಶಾಲೆಯೆಂಬುದು ಅವಳ ಪಾಲಿಗೆ ಇರಲೇ ಇಲ್ಲ. ಒಡನಾಡಿಗಳಿಲ್ಲ, ಆಟವಿಲ್ಲ. ಬೇರೊಂದು ಬಗೆಯ ಬಾಲ್ಯ ಉಂಟೆಂಬುದನ್ನು ಅರಿಯದ ಮಗು ದೂರುವುದಾದರೂ ಹೇಗೆ?

ಕಿರುಚಿತ್ರಗಳ ಹಿಂದೆಯೇ ದೊಡ್ಡ ಚಿತ್ರಗಳು ಬಂದವು. 1923ರಲ್ಲಿ ಯೂನಿವರ್ಸಲ್ ಸಂಸ್ಥೆಯೊಡನೆ ಆದ ಒಪ್ಪಂದದ ಮೊತ್ತ ವರ್ಷಕ್ಕೆ 15 ಲಕ್ಷ ಡಾಲರ್ ಎಂದು ಪ್ರಸಿದ್ಧವಾಯಿತು. 1924ರಲ್ಲಿ ನಿರ್ಮಾಪಕ ಸೋಲ್ ಲೆಸ್ಸರ್ ‘ಕ್ಯಾಪ್ಟನ್ ಜಾನ್ಯುವರಿ’ ಚಿತ್ರವನ್ನು ಹೊರತಂದ. ಹಡಗೊಡೆದು ದಡ ಸೇರಿದ ಅನಾಥ ಶಿಶುವನ್ನು ದೀಪಸ್ತಂಭ ಕಾಯುವ ಮುದುಕನೊಬ್ಬ ಏನನ್ನೂ ಬಯಸದೆ ಸಾಕುವ ಕಥೆ ಅದು. ಆ ಶಿಶುವಾಗಿ ಪೆಗ್ಗಿ ಪ್ರೇಕ್ಷಕರ ಕಣ್ಣುಗಳನ್ನು ಒದ್ದೆಯಾಗಿಸಿದಳು. ಕಥೆಯಲ್ಲಿ ಹಿರಿಯನೇ ಕಿರಿಯಳನ್ನು ಸಾಕಿದ್ದ. ಬಾಳಿನಲ್ಲಿ ಅದು ತಿರುವುಮುರುವಾಗಿತ್ತು.

ಗಳಿಸಿದವಳೊಬ್ಬಳು, ಕಳೆದವರು ಹಲವರು

ಅಷ್ಟೊಂದು ಹಣ ಎಲ್ಲಿ ಹೋಯಿತು? ಒಂದು ಪಾಲು ಮನೆಗೆ, ಕಾರುಗಳಿಗೆ, ಉಡುಗೆತೊಡುಗೆಗಳಿಗೆ ಹೋಯಿತು. ವ್ಯವಹಾರ ನೋಡಿಕೊಳ್ಳುತ್ತಿದ್ದವನು ಜ್ಯಾಕ್‌ನ ಮಲತಂದೆ. ನಂಬಿ ಕೈಗೊಪ್ಪಿಸಿದ್ದ ಹಣದೊಡನೆ ಆತ ಪರಾರಿಯಾದ. ಮಗಳ ಹೆಸರಿನಲ್ಲಿ ಒಂದು ಕಾಸನ್ನೂ ಇಟ್ಟಿರಲಿಲ್ಲ. ಅವಳ ಓದಿಗೆಂದು, ಮುಂದಿನ ಬಾಳಿಗೆಂದು ತೆಗೆದಿರಿಸಬೇಕೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಹಾಲು ಕರೆಯುವವರೆಗೂ ಹಸು ಇದ್ದೇ ಇರುತ್ತದೆಂಬ ಭಾವನೆ!

1925ರಲ್ಲಿ ಸಂಭಾವನೆಯ ವಿಷಯವಾಗಿ ಜ್ಯಾಕ್‌ಗೂ ಲೆಸ್ಸರ್‌ಗೂ ಜಗಳವಾಯಿತು. ಜ್ಯಾಕ್ ಸಿಟ್ಟಿನಿಂದ ಒಪ್ಪಂದವನ್ನೇ ಮುರಿದ. ಹಾಲಿವುಡ್‌ನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. 1926ರ ‘ಏಪ್ರಿಲ್ ಫೂಲ್’ ಚಿತ್ರದ ಸಣ್ಣ ಪಾತ್ರವೊಂದರೊಡನೆ ಅವಳ ಮೂಕಿ ಚಿತ್ರಜೀವನ ಮುಗಿಯಿತು. ಜಗಳವಾಡಿದವರು ಹಿರಿಯರು, ದಂಡ ತೆತ್ತವಳು ಏಳು ವರ್ಷದ ಬಾಲಕಿ.

ಅಷ್ಟರಿಂದಲೂ ಅವಳಿಗೆ ಬಿಡುವು ದೊರೆಯಲಿಲ್ಲ. ಹಾಡು, ಕುಣಿತ, ಹಾಸ್ಯ, ಜಾದೂ ಎಲ್ಲವೂ ಬೆರೆತ ವಾಡೆವಿಲ್ ಎಂಬ ರಂಗಪ್ರದರ್ಶನಗಳು ಆಗ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿದ್ದವು. 1925ರಿಂದ 1929ರವರೆಗೆ ಪೆಗ್ಗಿ ಊರಿಂದೂರಿಗೆ ಅಲೆದು ರಂಗವೇರಿದಳು. ದಿನದ ಗಳಿಕೆ 300 ಡಾಲರ್. ಅವಳ ಕೈಗೆ ಸಿಗುತ್ತಿದ್ದುದು ಆಟವೊಂದಕ್ಕೆ 5 ಸೆಂಟಿನ ಒಂದು ನಾಣ್ಯ! ಉಳಿದ ಹಣದಿಂದ ಜ್ಯಾಕ್ ತನ್ನ ಬಹುದಿನದ ಕನಸಿನಂತೆ ವಯೋಮಿಂಗ್ ಪ್ರಾಂತದಲ್ಲಿ ಪಶುಪಾಲನೆಯ ಜಮೀನು ಕೊಳ್ಳಲು ಹೊರಟ. 1929ರ ಷೇರುಪೇಟೆಯ ಕುಸಿತ ಆ ಕನಸನ್ನೂ ನುಂಗಿತು. ಸಂಸಾರ ಬರಿಗೈಯಲ್ಲಿ ಹಾಲಿವುಡ್‌ಗೆ ಮರಳಿತು.

ಒಂದು ಕಾಲದಲ್ಲಿ ಗೋಡೆಗಳ ಮೇಲೆಲ್ಲ ತನ್ನ ಹೆಸರಿದ್ದ ಊರಿನಲ್ಲಿ ಪೆಗ್ಗಿ ಈಗ ಗುಂಪಿನಲ್ಲಿ ಗೋವಿಂದ ಎನ್ನುವ ಎಕ್ಸ್‌ಟ್ರಾ ಕೆಲಸಕ್ಕಾಗಿ ಸಾಲಿನಲ್ಲಿ ನಿಂತಳು. 1936ರಲ್ಲಿ ‘ಕ್ಯಾಪ್ಟನ್ ಜಾನ್ಯುವರಿ’ ಮತ್ತೆ ತೆರೆಗೆ ಬಂದಿತು. ಆದರೆ ಈ ಬಾರಿ ಮಾತಾಡುವ ಚಿತ್ರವಾಗಿ, ಶರ್ಲಿ ಟೆಂಪಲ್ ಎಂಬ ಹೊಸ ಬಾಲತಾರೆಯೊಡನೆ. ಹದಿನೇಳರ ಪೆಗ್ಗಿಯನ್ನು ಗುರುತಿಸುವವರೇ ಇರಲಿಲ್ಲ.

ಅದೇ ಕಾಲದ ನಮ್ಮ ಮಕ್ಕಳು

ಇದನ್ನೋದುವ ಕನ್ನಡಿಗರಿಗೆ, ಆ ದಿನಗಳಲ್ಲಿ ನಮ್ಮ ದೇಶದ ಬಾಲನಟಿಯರ ಗತಿ ಏನಾಗಿತ್ತೆಂಬ ಕುತೂಹಲ ಹುಟ್ಟದಿರದು. ಹೆಂಗಸರು ಚಿತ್ರಗಳಲ್ಲಿ ನಟಿಸಲು ಹಿಂಜರಿಯುತ್ತಿದ್ದ 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ ‘ಮೋಹಿನೀ ಭಸ್ಮಾಸುರ’ಕ್ಕಾಗಿ ನಾಟಕದ ನಟಿ ದುರ್ಗಾಬಾಯಿ ಕಾಮತ್ ಮತ್ತು ಆಕೆಯ ಮಗಳು ಕಮಲಾ ಮುಂದೆ ಬಂದರು. ಮೋಹಿನಿಯಾದ ಕಮಲಾಗೆ ಆಗ ಸುಮಾರು ಹದಿಮೂರು ವರ್ಷ. 1919ರ ‘ಕಾಳಿಯಾ ಮರ್ದನ’ದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿಯೇ ಬಾಲಕೃಷ್ಣ. ಚಿತ್ರದ ಆರಂಭದಲ್ಲಿ ಅವಳ ಮುಖವನ್ನೇ ತೆರೆಯ ತುಂಬ ತೋರಿಸಿ ಬಗೆಬಗೆಯ ಭಾವಗಳನ್ನು ಮೂಡಿಸಲಾಗಿದೆ. ಅಲ್ಲಿಯೂ ತಂದೆಯ ಮಾತಿಗೆ ಮಗಳ ಮುಖ ಅರಳಿದೆ. ಆದರೆ ಮನೆಯ ಒಲೆ ಆ ಮುಖವನ್ನು ನೆಚ್ಚಿಕೊಂಡಿರಲಿಲ್ಲ.

ನಮ್ಮ ವೃತ್ತಿರಂಗಭೂಮಿಯಲ್ಲಿಯೂ ಮಕ್ಕಳು ಬಣ್ಣ ಹಚ್ಚಿದ್ದುಂಟು. ಮುಂದೆ ರಾಜಕುಮಾರ್ ಎಂದು ಹೆಸರಾದ ಮುತ್ತುರಾಜ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಗುಬ್ಬಿ ಕಂಪನಿಯನ್ನು ಸೇರಿದಾಗ ಚಿಕ್ಕ ಹುಡುಗ. ಶಾಲೆಯ ಓದು ಅಲ್ಲಿಗೇ ನಿಂತಿತು. ಆದರೆ ಕಂಪನಿಯ ಕಷ್ಟದ ನಡುವೆ ಹಾಡು, ಮಾತು, ಅಭಿನಯಗಳ ಶಿಕ್ಷಣವಾದರೂ ದೊರೆತು, ಅದೇ ಮುಂದಿನ ಬಾಳಿನ ಬುತ್ತಿಯಾಯಿತು. ಪೆಗ್ಗಿಗೆ ಆ ಬುತ್ತಿಯೂ ಇರಲಿಲ್ಲ. ಹೇಳಿದಂತೆ ಕೇಳುವುದೊಂದೇ ಅವಳು ಕಲಿತ ವಿದ್ಯೆ.

ಹೆಸರು ಬದಲಾಯಿಸಿ ಬಾಳು ಕಟ್ಟಿದಾಕೆ

ಆ ವಿದ್ಯೆಯನ್ನು ಮರೆಯಲು ಆಕೆಗೆ ಬಹುಕಾಲ ಹಿಡಿಯಿತು. 1938ರಲ್ಲಿ ಮದುವೆಯಾಯಿತು, ಹತ್ತು ವರ್ಷಗಳ ಬಳಿಕ ಅದು ಮುರಿಯಿತು. ಟೆಲಿಫೋನ್ ಸ್ವಿಚ್‌ಬೋರ್ಡಿನ ಮುಂದೆ ಕುಳಿತು, ಪುಸ್ತಕದಂಗಡಿಯಲ್ಲಿ ನಿಂತು ಹೊಟ್ಟೆ ಹೊರೆದಳು. ಬೇಬಿ ಪೆಗ್ಗಿಯೆಂಬ ಹೆಸರು ನೆರಳಿನಂತೆ ಬೆನ್ನು ಹತ್ತಿತ್ತು. ಕೊನೆಗೆ ಆಕೆ ಹಳೆಯ ಹೆಸರನ್ನೇ ಕಳಚಿಟ್ಟು ಡಯಾನಾ ಸೆರಾ ಎಂದು ಕರೆದುಕೊಂಡಳು. 1954ರಲ್ಲಿ ಚಿತ್ರಕಾರ ರಾಬರ್ಟ್ ಕೇರಿಯನ್ನು ಮದುವೆಯಾಗಿ ಡಯಾನಾ ಸೆರಾ ಕೇರಿ ಆದಳು. ದಂಪತಿಗಳಿಗೆ ಒಬ್ಬ ಮಗ ಹುಟ್ಟಿದ.

ಚಿಕ್ಕಂದಿನಲ್ಲಿ ಅಕ್ಷರ ಕಲಿಯಲು ಅವಕಾಶವಿಲ್ಲದಿದ್ದವಳು ನಡುವಯಸ್ಸಿನಲ್ಲಿ ಲೇಖನಿ ಹಿಡಿದಳು! ತಂದೆಯಂಥ ಕೌಬಾಯ್ ನಟರ ಬದುಕನ್ನು ಕುರಿತ ‘ದಿ ಹಾಲಿವುಡ್ ಪಾಸಿ’ 1975ರಲ್ಲಿಯೂ, ಬಾಲತಾರೆಯರ ಯುಗವನ್ನು ಕುರಿತ ‘ಹಾಲಿವುಡ್ಸ್ ಚಿಲ್ಡ್ರನ್’ 1978ರಲ್ಲಿಯೂ ಹೊರಬಂದವು. 1996ರಲ್ಲಿ ಆತ್ಮಕಥೆ ಪ್ರಕಟವಾಯಿತು. ಬೇಬಿ ಪೆಗ್ಗಿಗೆ ಏನಾಯಿತು ಎಂಬ ಪ್ರಶ್ನೆಯೇ ಅದರ ಹೆಸರು. ತಂದೆತಾಯಿಗಳ ಮೇಲೆ ಆಕೆ ನ್ಯಾಯಾಲಯಕ್ಕೆ ಹೋಗಲಿಲ್ಲ. ಆದುದನ್ನು ಆದಂತೆ ಬರೆದಳು.

ಸೆಂಚುರಿ ಸ್ಟುಡಿಯೋ 1926ರಲ್ಲಿ ಬೆಂಕಿಗೆ ಆಹುತಿಯಾಗಿ ಆಕೆಯ ಬಹುಪಾಲು ಕಿರುಚಿತ್ರಗಳು ನಾಶವಾಗಿದ್ದವು. ಅಳಿದುಳಿದವುಗಳನ್ನು ಚಿತ್ರಪ್ರೇಮಿಗಳು ಮುಂದೆ ದೇಶದೇಶಗಳಲ್ಲಿ ಹುಡುಕಿ ತೆಗೆದರು. ಮುಪ್ಪಿನಲ್ಲಿ ಡಯಾನಾ ಆ ಪ್ರದರ್ಶನಗಳಿಗೆ ಹೋಗಿ, ತೆರೆಯ ಮೇಲೆ ಕುಣಿಯುವ ಪುಟ್ಟ ಪೆಗ್ಗಿಯನ್ನು ಹೊಸಬರೊಡನೆ ಕುಳಿತು ನೋಡಿದಳು. ಬಾಲಕಲಾವಿದರ ರಕ್ಷಣೆಗಾಗಿ ದನಿಯೆತ್ತಿದಳು. 2020ರ ಫೆಬ್ರವರಿ 24ರಂದು ಕ್ಯಾಲಿಫೋರ್ನಿಯಾದ ಗಸ್ಟೀನ್ ಎಂಬಲ್ಲಿ ಕಣ್ಣುಮುಚ್ಚಿದಾಗ ಆಕೆಗೆ 101 ವರ್ಷ. ಮೂಕಿ ಯುಗದ ಕೊನೆಯ ತಾರೆ ಅಸ್ತಂಗತಳಾದಳೆಂದು ಪತ್ರಿಕೆಗಳು ಬರೆದವು.

ಮಗುವಿನ ಪಾಲು ಮಗುವಿಗೆ

ಪೆಗ್ಗಿ ಮೌನವಾಗಿ ನುಂಗಿದ ಅನ್ಯಾಯವನ್ನು ಮತ್ತೊಬ್ಬ ಬಾಲತಾರೆ ನ್ಯಾಯಾಲಯದ ಮುಂದಿಟ್ಟ. 1921ರಲ್ಲಿ ಚಾಪ್ಲಿನ್‌ನ ‘ದಿ ಕಿಡ್’ ಚಿತ್ರದಿಂದ ಜಗತ್ಪ್ರಸಿದ್ಧನಾದ ಜ್ಯಾಕಿ ಕೂಗನ್ ಪ್ರಾಯಕ್ಕೆ ಬಂದಾಗ ತನ್ನ ಗಳಿಕೆಯೆಲ್ಲ ತಾಯಿ ಮತ್ತು ಮಲತಂದೆಯ ಕೈಯಲ್ಲಿ ಕರಗಿಹೋಗಿತ್ತು. 1938ರಲ್ಲಿ ಆತ ದಾವೆ ಹೂಡಿದ. ಅದರ ಫಲವಾಗಿ ಬಾಲಕಲಾವಿದರ ಗಳಿಕೆಯ ಒಂದು ಪಾಲನ್ನು ಅವರಿಗಾಗಿಯೇ ಕಾದಿರಿಸಬೇಕೆಂಬ ಕಾನೂನು 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿತು. ಜನ ಅದನ್ನು ಕೂಗನ್ ಕಾಯಿದೆಯೆಂದೇ ಕರೆದರು.

ನಮ್ಮಲ್ಲಿ ಇಂಥ ವಿಧಿ ಬರಲು ಬಹುಕಾಲ ಬೇಕಾಯಿತು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರ ನಿಯಮಗಳು ಬಾಲಕಲಾವಿದರಿಗೆ ರಕ್ಷಣೆಯ ಬೇಲಿ ಹಾಕಿದವು. ಅವುಗಳಂತೆ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ಮೀರುವಂತಿಲ್ಲ, ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ಓದು ನಿಲ್ಲಬಾರದು. ಗಳಿಕೆಯಲ್ಲಿ ಶೇಕಡ 20ಕ್ಕೆ ಕಡಮೆಯಿಲ್ಲದಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿಯಾಗಿ ಇಡಬೇಕು. ಮುಖ್ಯವಾಗಿ, ಮಗುವಿನ ಒಪ್ಪಿಗೆಯಿಲ್ಲದೆ ಅದನ್ನು ದುಡಿಸುವಂತಿಲ್ಲ.

ಇಂದು ಚಿತ್ರದುರ್ಗದ ಬಳಿಯ ಭೀಮಸಮುದ್ರದ ಅಡಿಕೆ ತೋಟದ ನಡುವಿನ ಮನೆಯಿಂದಾಗಲಿ, ಬೆಂಗಳೂರಿನ ಬಡಾವಣೆಯಿಂದಾಗಲಿ, ಹಾಡಬಲ್ಲ, ಕುಣಿಯಬಲ್ಲ ಮಗುವಿಗೆ ಕಿರುತೆರೆಯ ವೇದಿಕೆ ದೂರವಲ್ಲ. ಮಗುವಿಗೆ ಅದರಲ್ಲಿ ಸಂತೋಷವಿದ್ದರೆ ಅಡ್ಡಿಪಡಿಸಬೇಕಾದ ಕಾರಣವೂ ಇಲ್ಲ. ಠೇವಣಿಯನ್ನು ಬ್ಯಾಂಕು ಕಾಯುತ್ತದೆ, ಗಂಟೆಗಳನ್ನು ಕಾನೂನು ಎಣಿಸುತ್ತದೆ. ಮಗು ಒಲ್ಲೆನೆಂದಾಗ ಅದನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಹೆತ್ತವರೇ. ಹೇಳಿದಂತೆ ಕೇಳುವ ಮಗುವನ್ನು ಮೆಚ್ಚುವ ಮನೆಗಳು ನಮ್ಮಲ್ಲಿ ಬಹಳ. ಆ ಮೆಚ್ಚುಗೆಗಾಗಿ ಬೆಂಕಿಯ ಕೋಣೆಯನ್ನೂ ಹೊಕ್ಕ ಕೂಸೊಂದಿತ್ತೆಂಬುದು ಅಂಥ ಮನೆಗಳ ನೆನಪಿನಲ್ಲಿರಲಿ.