ಬಾಗಿಲ ಚೀಟಿಯೂ ಗಾಡಿಯ ಮೂಕಿಯೂ

ಸಾಗರ ಸೀಮೆಯ ಗೆಳೆಯನೊಬ್ಬ ಇಪ್ಪತ್ತು ವರ್ಷದಿಂದ ಅಮೆರಿಕದ ಒಹಾಯೊದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಹಳೆಯದೊಂದು ಅಲ್ಯೂಮಿನಿಯಂ ದೋಣಿಯನ್ನು ಟ್ರೇಲರ್ ಸಮೇತ ಕೊಂಡು, ಕೊಂಡ ಮೇಲೆ ನನಗೆ ಫೋನು ಮಾಡಿದ. "ಮಾರಾಯ, ಇದನ್ನ ಎಳೆಯೋಕೆ ಒಂದು ಪಿಕಪ್ ಬೇಕು. ಮೈಲೇಜ್ ಕೊಡಬೇಕು, ಕೈ ಕೊಡಬಾರದು. ಯಾವುದು ತಗೊಳ್ಳಲಿ?" ದೋಣಿಯ ತೂಕ ಎಷ್ಟು ಎಂದು ಕೇಳಿದೆ. ಗೊತ್ತಿರಲಿಲ್ಲ. ವರ್ಷಕ್ಕೆ ಎಷ್ಟು ದಿನ ಎಳೆಯುತ್ತೀಯ ಎಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹತ್ತು ಹನ್ನೆರಡು ದಿನ ಇರಬಹುದು" ಅಂದ. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಟ್ರಕ್ ಆರಿಸುವ ಕೆಲಸ ಮುಕ್ಕಾಲು ಮುಗಿದಂತೆ.

ನಮ್ಮ ಕಡೆ ಪಿಕಪ್ ಅಂದರೆ ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಕ್ರೇಟು ಹೊರುವ ಬೊಲೆರೊ. ಬೆನ್ನ ಮೇಲೆ ಹೊರುವುದೇ ಅದರ ಕಸುಬು. ಅಮೆರಿಕದಲ್ಲಿ ಅದು ಮನೆಬಳಕೆಯ ಗಾಡಿ. ಸೋಮವಾರದಿಂದ ಶುಕ್ರವಾರ ಆಫೀಸಿಗೆ ಹೋಗುತ್ತದೆ, ಶನಿವಾರ ಹಿಂದಿನ ಕೊಂಡಿಗೆ ದೋಣಿಯನ್ನೋ ಬಾಡಿಗೆ ಟ್ರೇಲರನ್ನೋ ಸಿಕ್ಕಿಸಿಕೊಳ್ಳುತ್ತದೆ. ಹೊರುವುದು ಬೇರೆ, ಎಳೆಯುವುದು ಬೇರೆ ಎಂದು ನಾವು ತಿಳಿಯುತ್ತೇವೆ. ಅಲ್ಲೇ ಲೆಕ್ಕ ತಪ್ಪುವುದು.

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಟೋಯಿಂಗ್ ಸಾಮರ್ಥ್ಯ: 4,000 ಪೌಂಡ್, 6,500 ಪೌಂಡ್, ಹೀಗೆ. (ಒಂದು ಪೌಂಡ್ ಅಂದರೆ ಅರ್ಧ ಕೆಜಿಗೆ ಕೊಂಚ ಕಡಿಮೆ.) ಈ ಸಂಖ್ಯೆ ಸುಳ್ಳಲ್ಲ. ಹಿಂದೆ ಕಂಪನಿಗಳು ತಮಗೆ ತೋಚಿದಂತೆ ಅಳೆಯುತ್ತಿದ್ದವು. ಈಗ ಎಸ್‌ಎಇ ಜೆ2807 ಎಂಬ ಸಾಮಾನ್ಯ ಪರೀಕ್ಷಾ ಕ್ರಮವಿದೆ. ಅದರಲ್ಲಿ ಒಂದು ಅಂಗ ಅರಿಜೋನಾದ ಡೇವಿಸ್ ಡ್ಯಾಮ್ ಏರು. ಬುಲ್‌ಹೆಡ್ ಸಿಟಿ ಹತ್ತಿರದ ಹೆದ್ದಾರಿಯಲ್ಲಿ 11 ಮೈಲಿಗೂ ಹೆಚ್ಚು ಉದ್ದಕ್ಕೆ ಬಿಡದೆ ಏರುವ ದಾರಿ. ಹೊರಗೆ 38 ಡಿಗ್ರಿ ಬಿಸಿಲು, ಒಳಗೆ ಎಸಿ ಪೂರ್ತಿ, ಹಿಂದೆ ತುಂಬಿದ ಟ್ರೇಲರ್. ವೇಗ ಗಂಟೆಗೆ 40 ಮೈಲಿಗಿಂತ ಇಳಿಯುವಂತಿಲ್ಲ. ಇಂಜಿನ್ನಿಗೆ ಇದು ಕಠಿಣ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂತಿರುವವರು ಇಬ್ಬರು, ತಲಾ 150 ಪೌಂಡ್. ಮಕ್ಕಳಿಲ್ಲ, ಊರಿಂದ ಬಂದ ಅಪ್ಪ ಅಮ್ಮ ಇಲ್ಲ, ಚಿತ್ರಾನ್ನದ ಡಬ್ಬಿಯೂ ಇಲ್ಲ.

ನಿಜವಾದ ಮಿತಿ ತಿಳಿಯಬೇಕಾದರೆ ಚಾಲಕನ ಬಾಗಿಲು ತೆಗೆದು ಚೌಕಟ್ಟು ನೋಡಬೇಕು. ಹಳದಿ ಬಿಳುಪಿನ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಪೇಲೋಡ್ ಅನ್ನುತ್ತಾರೆ. ಇದು ಆ ಮಾದರಿಯ ಸರಾಸರಿಯಲ್ಲ, ನೀವು ಮುಟ್ಟುತ್ತಿರುವ ಅದೇ ಗಾಡಿಯ ಲೆಕ್ಕ. ಸನ್‌ರೂಫ್, ಫೋರ್ ವೀಲ್ ಡ್ರೈವ್, ದೊಡ್ಡ ಟೈರು ಎಂದು ಅಲಂಕಾರ ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಏರಿ ಚೀಟಿಯ ಅಂಕಿ ಇಳಿಯುತ್ತದೆ. ಒಂದೇ ಮಾದರಿಯ ದುಬಾರಿ ಟ್ರಕ್ಕು ಅಗ್ಗದ್ದಕ್ಕಿಂತ ಕಡಿಮೆ ಹೊರುವುದು ಸಾಮಾನ್ಯ.

ಟ್ರೇಲರಿಗೂ ಈ ಚೀಟಿಗೂ ಏನು ಸಂಬಂಧ? ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗಾಡಿಯಲ್ಲಿ ಹೇರು ಮುಂದಾದರೆ ಮೂಕಿ ಕೆಳಗೆ ಒತ್ತಿ ಎತ್ತಿನ ಹೆಗಲು ನೊಗದಡಿ ನಲುಗುತ್ತದೆ. ಹೇರು ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತದೆ. ಮುಂಭಾರ, ಹಿಂಭಾರ ನೋಡಿ ಹೇರುವುದು ಗಾಡಿಯವನ ಮೊದಲ ಪಾಠ. ಪಿಕಪ್ಪಿನ ಹಿಂದಿನ ಟ್ರೇಲರಿಗೂ ಇದೇ ನಿಯಮ. ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ತುದಿಯಲ್ಲಿ, ಅಂದರೆ ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. (ದೋಣಿಯ ಟ್ರೇಲರುಗಳಲ್ಲಿ ಇದಕ್ಕಿಂತ ಕೊಂಚ ಕಡಿಮೆಯೂ ಇರುತ್ತದೆ.) ತೀರಾ ಕಡಿಮೆಯಾದರೆ ವೇಗ ಹಿಡಿದ ಕೂಡಲೇ ಟ್ರೇಲರು ಹಾವಿನಂತೆ ಹೊರಳತೊಡಗುತ್ತದೆ. ಜಾಸ್ತಿಯಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳಿಗೆ ಹಿಡಿತ ತಪ್ಪುತ್ತದೆ. ಮಂಡ್ಯದ ದಾರಿಯಲ್ಲಿ ಕಬ್ಬು ಅತಿಯಾಗಿ ಹೇರಿದ ಟ್ರಾಕ್ಟರು ಮೂತಿ ಎತ್ತಿಕೊಂಡು ನಿಲ್ಲುವುದನ್ನು ನೋಡಿದ್ದೀರಲ್ಲ, ಅದೇ ಕಥೆ. ಸಾಮಾನಿನ ಹೆಚ್ಚು ಪಾಲು, ಅಂದಾಜು ನೂರಕ್ಕೆ 60, ಟ್ರೇಲರಿನ ಅಚ್ಚಿಗಿಂತ ಮುಂದೆ ಇಟ್ಟರೆ ಹದ ಸಿಗುತ್ತದೆ.

ಈ ಮೂಕಿಯ ಭಾರ ಟ್ರಕ್ಕಿನ ಬೆನ್ನ ಮೇಲಿನ ಹೊರೆಯೇ. ಆದ್ದರಿಂದ ಅದನ್ನೂ ಬಾಗಿಲ ಚೀಟಿಯಿಂದಲೇ ಕಳೆಯಬೇಕು. ಒಂದು ಟ್ರಕ್ಕಿನ ಚೀಟಿಯಲ್ಲಿ 1,150 ಪೌಂಡ್ ಇದೆ, ಜಾಹೀರಾತಿನಲ್ಲಿ 6,500 ಎಳೆಯುತ್ತದೆ ಎಂದಿದೆ ಅನ್ನಿ. ಗಂಡ, ಹೆಂಡತಿ, ಇಬ್ಬರು ಬೆಳೆದ ಮಕ್ಕಳು: 550. ಟೆಂಟು, ಐಸ್ ಪೆಟ್ಟಿಗೆ, ಬ್ಯಾಗುಗಳು: 200. ಕೊಂಡಿಯ ಕಬ್ಬಿಣ, ಉಪಕರಣ: 60. ಹಿಂದೆ 4,000 ಪೌಂಡಿನ ಟ್ರೇಲರ್, ಅದರ ಮೂಕಿಭಾರ ನೂರಕ್ಕೆ 12ರಂತೆ 480. ಕೂಡಿದರೆ 1,290. ಟ್ರೇಲರು ಜಾಹೀರಾತಿನ ಮಿತಿಗಿಂತ 2,500 ಪೌಂಡ್ ಒಳಗೇ ಇದೆ, ಟ್ರಕ್ಕು ಮಾತ್ರ ಆಗಲೇ 140 ಪೌಂಡ್ ಮೀರಿದೆ.

ಟ್ರೇಲರಿನ ತೂಕವನ್ನು ಅದರ ಕರಪತ್ರ ನೋಡಿ ನಂಬಬಾರದು. ಅದು ಖಾಲಿ ಡಬ್ಬದ ತೂಕ. ಕ್ಯಾಂಪರಿನ 30 ಗ್ಯಾಲನ್ ನೀರಿನ ತೊಟ್ಟಿ ತುಂಬಿದರೆ ನೀರೊಂದೇ 250 ಪೌಂಡ್. ದೋಣಿಗೆ ಮೋಟಾರು, ಬ್ಯಾಟರಿ, ಪೆಟ್ರೋಲು, ಲಂಗರು ಸೇರಬೇಕು. ಹೆದ್ದಾರಿ ಬದಿಯ ಟ್ರಕ್ ತಂಗುದಾಣಗಳಲ್ಲಿ ವೇಬ್ರಿಜ್ ಇರುತ್ತದೆ. ಸ್ವಲ್ಪ ದುಡ್ಡು ಕೊಟ್ಟರೆ ಅಚ್ಚು ಅಚ್ಚಿಗೂ ಬೇರೆ ಬೇರೆ ತೂಕದ ಚೀಟಿ ಕೊಡುತ್ತಾರೆ. ನನ್ನ ಗೆಳೆಯ ಪರಿಚಯದವರ ಟ್ರಕ್ಕಿಗೆ ಕಟ್ಟಿಕೊಂಡು ಹೋಗಿ ತೂಗಿಸಿದ. ದೋಣಿ, ಟ್ರೇಲರ್, ಮೋಟಾರ್ ಎಲ್ಲ ಸೇರಿ 1,400 ಪೌಂಡ್ ಬಂತು. ಅವನು ಆ ಹೊತ್ತಿಗೆ 7,000 ಪೌಂಡ್ ಎಳೆಯುವ ಟ್ರಕ್ಕುಗಳ ವಿಡಿಯೊ ನೋಡುತ್ತ ಕೂತಿದ್ದ.

ಇನ್ನು ಮೈಲೇಜು. ಅಮೆರಿಕದ 'ಗ್ಯಾಲನ್ನಿಗೆ ಇಷ್ಟು ಮೈಲಿ' ಎಂಬ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. ನಮ್ಮ ಲೀಟರಿಗೆ ಕಿಲೋಮೀಟರ್ ಲೆಕ್ಕವೂ ಅಷ್ಟೇ. ವರ್ಷಕ್ಕೆ 12,000 ಮೈಲಿ ಓಡಿಸುವವನು 15ರ ಗಾಡಿ ಬಿಟ್ಟು 20ರದ್ದು ಕೊಂಡರೆ 800 ಗ್ಯಾಲನ್ 600ಕ್ಕೆ ಇಳಿಯುತ್ತದೆ. 30ರದ್ದು ಬಿಟ್ಟು 40ರದ್ದು ಕೊಂಡರೆ 400 ಗ್ಯಾಲನ್ 300ಕ್ಕೆ. ಅಂತರ ಹತ್ತು ಮೈಲಿ ಇರುವಲ್ಲಿ 100 ಗ್ಯಾಲನ್ ಉಳಿದರೆ, ಐದೇ ಮೈಲಿ ಇರುವಲ್ಲಿ 200 ಉಳಿಯಿತು! ಹೋಲಿಸುವುದಾದರೆ ವರ್ಷಕ್ಕೆ ಸುಡುವ ಗ್ಯಾಲನ್ನುಗಳನ್ನೇ ಹೋಲಿಸಿ.

ಗೆಳೆಯನ ಹನ್ನೆರಡು ದಿನದ ಎಳೆತ ಸುಮಾರು 1,000 ಮೈಲಿ ಆಗಬಹುದು. ಉಳಿದ 11,000 ಮೈಲಿ ಖಾಲಿ ಓಟ. ಆ ಖಾಲಿ ಓಟದಲ್ಲಿ 20 ಕೊಡುವ ಟ್ರಕ್ಕಿಗೆ 550 ಗ್ಯಾಲನ್ ಬೇಕು, 37 ಕೊಡುವುದಕ್ಕೆ 300 ಸಾಕು. ಪೆಟ್ರೋಲ್ ಖರ್ಚು ತೀರ್ಮಾನವಾಗುವುದು ದೋಣಿ ಮನೆಯಲ್ಲೇ ನಿಂತಿರುವ ದಿನಗಳಲ್ಲಿ.

37 ಎಂಬ ಅಂಕಿ ಸುಮ್ಮನೆ ಹೇಳಿದ್ದಲ್ಲ. ಫೋರ್ಡ್ ಮ್ಯಾವೆರಿಕ್ ಎಂಬ ಪುಟ್ಟ ಪಿಕಪ್ 2022ರ ಮಾದರಿಯಾಗಿ ಬಂದಾಗ ಅದರ ಹೈಬ್ರಿಡ್‌ಗೆ ಸರ್ಕಾರಿ ಪರೀಕ್ಷೆಯಲ್ಲಿ ಊರೊಳಗೆ 42, ಹೆದ್ದಾರಿಯಲ್ಲಿ 33, ಒಟ್ಟಾರೆ 37 ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 15 ಕಿಲೋಮೀಟರಿಗೂ ಮೇಲು. ಎಳೆಯುವುದು 2,000 ಪೌಂಡ್ ಮಾತ್ರ. ಅದರ ಟರ್ಬೊ ಪೆಟ್ರೋಲ್ ರೂಪಕ್ಕೆ ಟೋಯಿಂಗ್ ಪ್ಯಾಕೇಜ್ ಹಾಕಿಸಿದರೆ 4,000, ಆದರೆ ಮೈಲೇಜು 25ರ ಹತ್ತಿರ. 2025ರಿಂದ ನಾಲ್ಕೂ ಗಾಲಿಗೆ ಬಲ ಕೊಡುವ ಹೈಬ್ರಿಡ್ಡಿಗೂ 4,000ದ ಪ್ಯಾಕೇಜ್ ಸಿಗುತ್ತದೆ. ಇದಕ್ಕಿಂತ ಭಾರ ಎಳೆಯುವವರಿಗೆ ಹೋಂಡಾ ರಿಜ್‌ಲೈನ್ ಇದೆ: 5,000 ಪೌಂಡ್, ಮೈಲೇಜು 21. ಟೊಯೋಟಾ ಟಕೋಮಾ ಮಾದರಿ ನೋಡಿಕೊಂಡು 6,500ರವರೆಗೆ ಎಳೆಯುತ್ತದೆ, ಮೈಲೇಜು 20ರ ಆಸುಪಾಸು. ಇದರ ಅಡಿಯಲ್ಲಿ ಲಾರಿಯಂತೆ ಬೇರೆಯೇ ಚಾಸಿ ಇದೆ. ಮ್ಯಾವೆರಿಕ್, ರಿಜ್‌ಲೈನುಗಳದ್ದು ಕಾರಿನಂಥ ಒಂದೇ ಮೈ. ಕಾಡುದಾರಿ, ದಿನವೂ ಭಾರ ಎಂದರೆ ಚಾಸಿ ಒಳ್ಳೆಯದು. ತಿಂಗಳಿಗೊಮ್ಮೆ ದೋಣಿ ಎಳೆಯಲು ಅದು ದಂಡದ ತೂಕ.

ಇಷ್ಟು ಚಿಕ್ಕ ಪಿಕಪ್ಪುಗಳು ಅಲ್ಲೇಕೆ ಬೆರಳೆಣಿಕೆಯಷ್ಟೇ ಎಂದು ಕೇಳಿದರೆ, ಅದಕ್ಕೆ ಕೋಳಿಯೂ ಒಂದು ಕಾರಣ. ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಹಾಕಿದ್ದಕ್ಕೆ ಸೇಡಾಗಿ 1964ರಲ್ಲಿ ಅಮೆರಿಕ ವಿದೇಶಿ ಪಿಕಪ್ಪುಗಳ ಮೇಲೆ ನೂರಕ್ಕೆ 25ರ ಸುಂಕ ಹೇರಿತು. ಕೋಳಿ ಜಗಳ ಮರೆತುಹೋಯಿತು, ಸುಂಕ ಉಳಿಯಿತು. 2022ರಿಂದ ಬೆಂಗಳೂರಿನಲ್ಲೂ ಸಿಗುವ ಟೊಯೋಟಾ ಹೈಲಕ್ಸ್ ಅಮೆರಿಕದ ಶೋರೂಮಿನಲ್ಲಿಲ್ಲ.

ಹೈಬ್ರಿಡ್ ಎಳೆಯುವಾಗ ಏನಾಗುತ್ತದೆ? ಊರೊಳಗೆ ಪ್ರತಿ ಸಿಗ್ನಲ್ಲಿನಲ್ಲೂ ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿ ಮತ್ತೆ ಬಳಸುತ್ತದೆ. ಉಳಿತಾಯದ ಗುಟ್ಟು ಅದೇ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಟ್ರೇಲರ್ ಎಳೆಯುವಾಗ ಬ್ರೇಕೇ ಒತ್ತುವುದಿಲ್ಲ, ಹಾಗಾಗಿ ಆ ಲಾಭ ಕಡಿಮೆ. ಮ್ಯಾವೆರಿಕ್ಕಿನ ಬ್ಯಾಟರಿ ನಮ್ಮ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟಿಗಿಂತ ಚೂರು ಹೆಚ್ಚು. ಉದ್ದದ ಏರಿನಲ್ಲಿ ಒಂದೆರಡು ನಿಮಿಷಕ್ಕೆ ಅದು ಖಾಲಿ. ಆಮೇಲೆ ಇಂಜಿನ್ನೊಂದೇ ಏದುಸಿರು ಬಿಡುತ್ತ ಹತ್ತಬೇಕು. ಅದಕ್ಕೇ 2,000 ಪೌಂಡಿನ ಮಿತಿಯನ್ನು ಗೌರವಿಸಬೇಕು. ಹಾಗೆಂದು ಇದನ್ನು ನಾಜೂಕಿನ ಯಂತ್ರ ಎಂದುಕೊಳ್ಳಬೇಡಿ. ಮ್ಯಾವೆರಿಕ್ಕಿನ ಹೈಬ್ರಿಡ್ ಗಿಯರ್ ಪೆಟ್ಟಿಗೆಯಲ್ಲಿ ಬೆಲ್ಟ್ ಇಲ್ಲ, ಸವೆಯುವ ಕ್ಲಚ್ ಪದರಗಳಿಲ್ಲ. ಸೂರ್ಯನ ಸುತ್ತ ಗ್ರಹಗಳಂತೆ ತಿರುಗುವ ಗಿಯರುಗಳ ಒಂದು ಜೋಡಣೆ, ಎರಡು ಮೋಟಾರು. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್‌ನಿಂದ ಟ್ಯಾಕ್ಸಿಗಳಲ್ಲಿ ತೇಯ್ದು ತೇಯ್ದು ಗಟ್ಟಿಯಾದ ವಿನ್ಯಾಸ ಇದು.

ಮಾಮೂಲಿ ಆಟೊಮ್ಯಾಟಿಕ್ ಗಿಯರಿಗೆ ಎಳೆತದಲ್ಲಿ ದೊಡ್ಡ ಶತ್ರು ಬಿಸಿ. ಎಣ್ಣೆ ಕಾದು ಕಪ್ಪಾದರೆ ಒಳಗಿನ ಕ್ಲಚ್ಚುಗಳು ಸುಡುತ್ತವೆ. ಕಂಪನಿಯ ಟೋಯಿಂಗ್ ಪ್ಯಾಕೇಜಿನಲ್ಲಿ ಕೊಂಡಿಯ ಜೊತೆಗೆ ಸಾಮಾನ್ಯವಾಗಿ ಎಣ್ಣೆ ತಂಪು ಮಾಡುವ ಕೂಲರ್, ಟ್ರೇಲರ್ ದೀಪದ ವೈರಿಂಗ್ ಬರುವುದು ಇದಕ್ಕೇ. ಆಮೇಲೆ ಹೊರಗಿನ ಗ್ಯಾರೇಜಿನಲ್ಲಿ ದಪ್ಪ ಕೊಂಡಿ ಬೆಸೆಸಿಕೊಂಡರೆ ಕೊಂಡಿ ಗಟ್ಟಿಯಾಗುತ್ತದೆಯೇ ಹೊರತು ಟ್ರಕ್ಕಿನ ಸಾಮರ್ಥ್ಯ ಒಂದು ಪೌಂಡೂ ಏರುವುದಿಲ್ಲ.

ಹಳೆಯ ಟ್ರಕ್ ಕೊಳ್ಳುವವರು ಗಿಯರಿನ ಎಣ್ಣೆಯನ್ನು ಮೆಕ್ಯಾನಿಕ್ಕಿಗೆ ತೋರಿಸಲಿ. ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ಒಹಾಯೊ, ಮಿಷಿಗನ್‌ನಂಥ ಹಿಮದ ಸೀಮೆಯಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಚಾಸಿಯನ್ನು ತಿನ್ನುತ್ತದೆ. ಬಣ್ಣ ನೋಡದೆ ಕೆಳಗೆ ಮಲಗಿ ನೋಡಬೇಕು, ಸುತ್ತಿಗೆಯಿಂದ ತಟ್ಟಬೇಕು. ಬ್ರ್ಯಾಂಡ್ ಹೆಸರು ಇಲ್ಲಿ ಕಾಯುವುದಿಲ್ಲ: ಬಾಳಿಕೆಗೆ ಹೆಸರಾದ ಟೊಯೋಟಾವೇ ಟಕೋಮಾ, ಟುಂಡ್ರಾಗಳ ಹಳೆಯ ಮಾದರಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ 2016ರಲ್ಲಿ ರಾಜಿಗೆ ಬಂದಿತ್ತು. ಗಾಡಿಯ 17 ಅಕ್ಷರದ ವಿಐಎನ್ ಸಂಖ್ಯೆ ಹಾಕಿ ಸರ್ಕಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ಬಾಕಿ ರೀಕಾಲ್ ಇದೆಯೇ ಎಂದು ಪುಕ್ಕಟೆ ನೋಡಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಗೆಳೆಯನಿಗೆ ಇನ್ನೊಂದು ಮಾತು ಹೇಳಿದೆ. ಅವನ ಮನೆ ಮುಂದೆ ನಿಂತಿರುವ ಟೊಯೋಟಾ ಸಿಯೆನ್ನಾ ಮಿನಿವ್ಯಾನು 36 ಮೈಲೇಜು ಕೊಡುತ್ತದೆ, 3,500 ಪೌಂಡ್ ಎಳೆಯುತ್ತದೆ. ಕೊಂಡಿ ಹಾಕಿಸಿದರೆ ದೋಣಿಗೆ ಅದೇ ಸಾಕು, ಟ್ರಕ್ಕೇ ಬೇಡ. ಅವನ ಮುಖ ಬಾಡಿದ್ದು ಫೋನಿನಲ್ಲೇ ಗೊತ್ತಾಯಿತು. ಉಳಿಸಿದ್ದು ಅವನ ಹೆಂಡತಿ. ಹಿತ್ತಲಲ್ಲಿ ಬದನೆ, ಹೀರೆ ಬೆಳೆಯುವ ಅವರು, "ಗೊಬ್ಬರದ ಮೂಟೆ ನನ್ನ ವ್ಯಾನೊಳಗೆ ಬೇಡ್ರೀ" ಅಂದರು. ಟ್ರಕ್ ಕೊಳ್ಳಲು ದೋಣಿಗಿಂತ ಇದೇ ಗಟ್ಟಿ ಕಾರಣ ಎಂದು ನಾನೂ ಒಪ್ಪಿದೆ. ಎರಡು ವರ್ಷ ಹಳೆಯ ಮ್ಯಾವೆರಿಕ್ ಹೈಬ್ರಿಡ್ ಬಂತು.

ಮೊದಲ ಸಲ ಹೊರಡುವ ಮುಂಚೆ ಅವನಿಗೆ ಹೇಳಿದ್ದು ಇಷ್ಟು. ಕೊಂಡಿಯ ಗುಂಡಿನ ಅಳತೆ ಟ್ರೇಲರಿನ ಬಟ್ಟಲಿಗೆ ಸರಿಯಾಗಿರಲಿ. 2 ಇಂಚಿನ ಬಟ್ಟಲಿಗೆ 1⅞ ಇಂಚಿನ ಗುಂಡು ಕೂತಂತೆ ಕಾಣುತ್ತದೆ, ಗುಂಡಿ ಹಾರಿದಾಗ ಕಳಚುತ್ತದೆ. ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಕತ್ತರಿಯಂತೆ ದಾಟಿಸಿ ಕಟ್ಟು, ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಅವುಗಳ ಮೇಲೆ ಕೂರುತ್ತದೆ. 65 ಮೈಲಿ ವೇಗ ಮೀರಬೇಡ. 75ಕ್ಕೆ ಹೋದರೆ ಗಾಳಿಯ ತಡೆ ಮೂರನೇ ಒಂದರಷ್ಟು ಏರುತ್ತದೆ. ಟ್ರೇಲರ್ ಹೊರಳಾಡಿದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆ. ಕೆರೆಯ ದಂಡೆ ತಲುಪಿದ ಕೂಡಲೇ ಟ್ರೇಲರನ್ನು ನೀರಿಗೆ ಇಳಿಸಲೂ ಬೇಡ. ಓಡಿ ಬಂದ ಗಾಲಿಯ ಬೇರಿಂಗ್ ಬಿಸಿಯಾಗಿರುತ್ತದೆ. ತಣ್ಣೀರು ತಾಕಿ ಒಳಗಿನ ಗಾಳಿ ಕುಗ್ಗಿದಾಗ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ದೀಪದ ವೈರು ಕಳಚಿ, ಒಂದು ಲೋಟ ಕಾಫಿ ಕುಡಿದು, ಗಾಲಿಯ ಗುಬುಟಿನ ಮೇಲೆ ಅಂಗೈ ಇಟ್ಟು ನೋಡು. ಆರಿದ ಮೇಲೂ ಒಂದು ಗಾಲಿ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅವತ್ತಿಗೆ ದೋಣಿಯ ಆಸೆ ಬಿಟ್ಟು ಆ ಬೇರಿಂಗ್ ಬಿಚ್ಚಿ ನೋಡು.