ತಾತನ ಕೋವಿಗೆ ತೋಟಾ ಎಲ್ಲಿ?

ತಾತ ಬಿಟ್ಟುಹೋದ ಹೊಲಕ್ಕೆ ಪಹಣಿ ಇರುತ್ತದೆ, ಮನೆಗೆ ಖಾತೆ ಇರುತ್ತದೆ. ಕೋವಿ ಬಿಟ್ಟುಹೋಗಿದ್ದರೆ ಕಾಗದವೊಂದೇ ಸಾಲದು, ತೋಟಾನೂ ಬೇಕು. ಅದೂ ಆ ಕೋವಿಗೆ ಹೊಂದುವ ತೋಟಾನೇ ಆಗಬೇಕು. ಬೈರಮಂಗಲ ಕೆರೆಯ ಆಸುಪಾಸಿನಿಂದ ಹಿಡಿದು ಹಾರೋಹಳ್ಳಿ, ಕನಕಪುರದ ಕಾಡಂಚಿನವರೆಗೆ ಬೆಳೆ ಕಾವಲಿಗೆಂದು ಕೋವಿ ಇಟ್ಟುಕೊಂಡ ಮನೆಗಳು ಇಂದಿಗೂ ಇವೆ. ಹೆಚ್ಚಿನವು ಮದ್ದು, ಚರೆ ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ, ಇಲ್ಲವೇ ಹನ್ನೆರಡು ಬೋರಿನ ಜೋಡುನಳಿಗೆ. ಅಪರೂಪಕ್ಕೆ ಎಲ್ಲೋ ಒಂದು ರೈಫಲ್, ಶಿಕಾರಿ ನಡೆಯುತ್ತಿದ್ದ ಕಾಲದ್ದು. ಕಷ್ಟವೆಲ್ಲ ಈ ರೈಫಲ್ಲಿನ ವಾರಸುದಾರನಿಗೇ. ಓಡಾಡಿ ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡು ಅಂಗಡಿಗೆ ಹೋದರೆ ‘ಈ ನಂಬರಿನದು ಬರಲ್ಲ ಸಾರ್’ ಎಂಬ ಉತ್ತರ ಸಿಗುತ್ತದೆ.

ಯಾಕೆ ಬರಲ್ಲ ಎಂಬುದಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆ ಇದೆ. ತೇಜಸ್ವಿಯವರ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯನ್ನು ಓದದ ಕನ್ನಡದ ಹುಡುಗರು ಕಡಿಮೆ. ಅದರ ಮೂಲ ಲೇಖಕ, ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974), ನೆಚ್ಚಿಕೊಂಡಿದ್ದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್ಲನ್ನು. ಅದರ ತೋಟಾ ಮಾರುಕಟ್ಟೆಗೆ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಒಯ್ದದ್ದೂ ಇದನ್ನೇ. ಇಷ್ಟು ಹೆಸರಿದ್ದರೂ 1930ರ ದಶಕದಲ್ಲಿ ಆ ರೈಫಲ್ಲಿನ ತಯಾರಿಕೆ ನಿಂತಿತು, ತೋಟಾ ಕೂಡ ಅಪರೂಪವಾಯಿತು. ಅಮೆರಿಕದ ಇನ್ನೊಂದು ಕಂಪನಿ ಆ ತೋಟಾವನ್ನು ಮತ್ತೆ ಮಾಡತೊಡಗಿದ್ದು 2000ದ ಈಚೆಗೆ. ಕೋವಿಯ ಉಕ್ಕು ನೂರು ವರ್ಷ ಬಾಳುತ್ತದೆ, ತೋಟಾ ಮಾಡುವ ಕಾರ್ಖಾನೆ ಅಷ್ಟು ಕಾಲ ಬಾಳುವುದಿಲ್ಲ.

ಇಷ್ಟೊಂದು ಬಗೆಯ ಅಳತೆಗಳು ಹುಟ್ಟಿದ್ದರಲ್ಲಿ ಬ್ರಿಟಿಷ್ ಸರ್ಕಾರದ ಕೈಯೂ ಇದೆ. ಸೈನ್ಯದ ತೋಟಾ ಜನರ ಕೈಗೆ ಸಿಕ್ಕರೆ ದಂಗೆಗೆ ಬಳಕೆಯಾದೀತೆಂಬ ಭಯದಿಂದ 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯನ್ನು ಭಾರತದಲ್ಲಿ ನಿಷೇಧಿಸಿದರು. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನೆ ಕೂರದೆ .465, .470, .475 ಎಂದು ಹೊಸ ಹೊಸ ಅಳತೆ ತಂದರು. .303 ಕೂಡ ಸೈನ್ಯದ್ದೇ ಆದ್ದರಿಂದ ಸಾಮಾನ್ಯರಿಗೆ .315 ಬಂತು. ದೊಡ್ಡ ರೈಫಲ್ಲುಗಳಿಗೆ ತೋಟಾ ಒದಗಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಕೈನೋಕ್ 1970ರ ಹೊತ್ತಿಗೆ ಆ ಕೆಲಸ ಕೈಬಿಟ್ಟಿತು. 1980ರ ದಶಕದ ನಡುವಿನಿಂದ ನಮ್ಮ ದೇಶದಲ್ಲಿ ವಿದೇಶಿ ಕೋವಿ, ತೋಟಾಗಳ ಆಮದೂ ಬಿಗಿಯಾಯಿತು. ಈಗ ತರಿಸಿಕೊಳ್ಳುವ ದಾರಿ ತೆರೆದಿರುವುದು ಮುಖ್ಯವಾಗಿ ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಶೂಟರ್‌ಗಳಿಗೆ. ಬಿಡದಿಯ ರೈತನೊಬ್ಬ ತಾತನ ವಿಲಾಯತಿ ರೈಫಲ್ಲಿಗೆ ಕಡಿಮೆ ಬೆಲೆಯ ತೋಟಾ ಹುಡುಕುವುದೆಂದರೆ ಮುಚ್ಚಿದ ಇಷ್ಟೂ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದ ಹಾಗೆ.

ತೆರೆದಿರುವ ಬಾಗಿಲು ಲೈಸೆನ್ಸ್ ಪಡೆದ ತೋಟಾ ಅಂಗಡಿ. ಬೆಂಗಳೂರು, ಮೈಸೂರು, ಮಡಿಕೇರಿಯಂಥ ಊರುಗಳಲ್ಲಿ ಉಳಿದಿರುವ ಈ ಅಂಗಡಿಗಳನ್ನು ಬರೀ ವ್ಯಾಪಾರದ ಜಾಗ ಎಂದುಕೊಂಡವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅವು ಒಂದು ಬಗೆಯ ದಾಖಲೆಖಾನೆ. ಗಾಜಿನ ಕಪಾಟಿನ ಹಿಂದೆ ಉದ್ದನೆಯ ಸ್ಟಾಕ್ ರಿಜಿಸ್ಟರು ಇರುತ್ತದೆ. ಗಿರಾಕಿಯ ಲೈಸೆನ್ಸ್ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಬರೆದಿರುತ್ತದೆ. ಮಾರಿದ ಪ್ರತಿಯೊಂದು ತೋಟಾನೂ ತಾರೀಖು, ಸಹಿ, ಮೊಹರಿನೊಂದಿಗೆ ಆ ಪುಸ್ತಕಕ್ಕೂ ಈ ರಿಜಿಸ್ಟರಿಗೂ ಏರಬೇಕು.

ಅನುಭವಿ ಅಂಗಡಿಯವರು ಹಳೇ ಕೋವಿ ಕಂಡರೆ ಮೊದಲು ಅದರ ಬೆನ್ನು ಮುರಿದು, ನಳಿಗೆ ಖಾಲಿಯೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ನಳಿಗೆಯ ಕೆಳಹೊಟ್ಟೆಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. ಅಲ್ಲಿರುವ ಪುಟ್ಟ ಮುದ್ರೆಗಳೇ ಕೋವಿಯ ಜಾತಕ. ‘ನೈಟ್ರೋ ಪ್ರೂಫ್’ ಎಂದಿದ್ದರೆ ಹೊಗೆರಹಿತ ಮದ್ದಿನ ಹೊಡೆತ ತಾಳುತ್ತದೆಂದು ಪರೀಕ್ಷೆಯಾಗಿದೆ. ‘ನಾಟ್ ಫಾರ್ ಬಾಲ್’ ಎಂದಿದ್ದರೆ ಬಾಯಿ ಕಿರಿದಾದ ನಳಿಗೆ, ಒಂಟಿ ಗುಂಡು ಹಾಕಬಾರದು. ಆ ಮುದ್ರೆ 19ನೇ ಶತಮಾನದ ಕೊನೆಯದು. ಎರಡೂವರೆ ಇಂಚು ಎಂದಿದ್ದರೆ ತೋಟಾ ಕೂರುವ ಗೂಡು 65 ಮಿಲಿಮೀಟರಿನದು. ಈಗ ಸಾಮಾನ್ಯವಾಗಿ ಸಿಗುವ 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂತೂಬಿಡುತ್ತದೆ, ಅಪಾಯವಿರುವುದೇ ಅಲ್ಲಿ. ಹೊಡೆದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದದ್ದು, ಬಹುಪಾಲು ಕರಿಮದ್ದಿನ ಕಾಲದ್ದು. ನೋಡಲು ಬಹಳ ಚೆಂದ. ಇವತ್ತಿನ ತೋಟಾ ಹಾಕಿ ಅದನ್ನು ಹೊಡೆಯಲು ಹೋಗಬಾರದು, ಅಷ್ಟೇ.

ರೈಫಲ್ಲಿನಲ್ಲಿ ಇದಕ್ಕಿಂತ ದೊಡ್ಡ ಗೊಂದಲವಿದೆ. .315 ಎಂದರೂ 8 ಮಿಲಿಮೀಟರ್ ಎಂದರೂ ಲೆಕ್ಕಕ್ಕೆ ಒಂದೇ. ಆದರೆ ಜರ್ಮನಿಯ ಮೌಸರ್ ರೈಫಲ್ಲಿನ 8 ಮಿಲಿಮೀಟರ್ ತೋಟಾ ಬೇರೆ, ನಮ್ಮ .315 ತೋಟಾ ಬೇರೆ. ಹೆಸರು ಹೊಂದಿತೆಂದು ಒಂದರ ತೋಟಾ ಇನ್ನೊಂದಕ್ಕೆ ಹಾಕಲು ಹೋಗುವವನು ಕೈ, ಕಣ್ಣು ಎರಡನ್ನೂ ಒತ್ತೆಯಿಡುತ್ತಾನೆ. ಇಂಥ ತಪ್ಪನ್ನು ಕೌಂಟರಿನಲ್ಲೇ ತಡೆಯುವ ಮನುಷ್ಯನ ಅನುಭವಕ್ಕೆ ನಾನು ದೊಡ್ಡ ಬೆಲೆ ಕಟ್ಟುತ್ತೇನೆ. ಅಂಥವರು ಕಡಿಮೆಯಾಗುತ್ತಿರುವುದು ನಿಜಕ್ಕೂ ಚಿಂತೆಯ ವಿಷಯ.

ಹಾಗಾದರೆ ಕೈಗೆಟುಕುವುದು ಯಾವುದು? ದೇಶದ ಕಾರ್ಖಾನೆಯಲ್ಲಿ ಆಗುವಂಥದ್ದು. ಪುಣೆ ಹತ್ತಿರದ ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರಷ್ಟು ಹಳೆಯದು. ಹನ್ನೆರಡು ಬೋರಿನ ‘ಶಕ್ತಿಮಾನ್’ ತೋಟಾ ಅಲ್ಲಿಂದಲೇ ಬಂದು ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿತ್ತು. 2021ರ ಅಕ್ಟೋಬರ್ 1ರಂದು ಸರ್ಕಾರ ತನ್ನ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಖಡ್ಕಿ ಸೇರಿದ್ದು ಮ್ಯುನಿಷನ್ಸ್ ಇಂಡಿಯಾ ಕಂಪನಿಗೆ. .315 ತೋಟಾ ಕೂಡ ಸರ್ಕಾರಿ ಕಾರ್ಖಾನೆಗಳದ್ದೇ. ಆ ಅಳತೆಯ ರೈಫಲ್ ಮಾಡುತ್ತಿದ್ದುದು ಬಂಗಾಳದ ಇಷಾಪುರ ಕಾರ್ಖಾನೆ. ತಾತನ ರೈಫಲ್ಲಿನ ಮೇಲೆ ಇಷಾಪುರದ ಮುದ್ರೆಯೂ .315 ಎಂಬ ಅಂಕಿಯೂ ಇದ್ದರೆ ಮೊಮ್ಮಗ ಪುಣ್ಯವಂತ. ವಿಲಾಯತಿ ಹೆಸರಿದ್ದರೆ ಆಸೆ ಇಟ್ಟುಕೊಳ್ಳದಿರುವುದೇ ಮೇಲು. ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುತ್ತೇನೆ ಎಂಬ ಯೋಚನೆಯೂ ಬೇಡ. ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿದ್ದು ಅದು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ, ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ ನಾಡದು. ಅಲ್ಲಿ ತೋಟಾಕ್ಕೆ ಬೇಡಿಕೆ ಬತ್ತುವುದಿಲ್ಲ. ಹಾಗಿದ್ದೂ ವಿಲಾಯತಿ ರೈಫಲ್ಲಿನ ತಾಪತ್ರಯ ಅವರಿಗೂ ತಪ್ಪಿದ್ದಲ್ಲ.

ನಮ್ಮ ಕಡೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಕೋವಿಯ ಯಜಮಾನ ತೀರಿಕೊಂಡರೆ ಮನೆಯವರು ಮೊದಲು ಕೋವಿ, ತೋಟಾಗಳನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸಿರುವ ಅಂಗಡಿಯಲ್ಲೋ ಠೇವಣಿ ಇಟ್ಟು, ಆಮೇಲೆ ವಾರಸುದಾರರೊಬ್ಬರ ಹೆಸರಿಗೆ ಅರ್ಜಿ ಹಾಕಬೇಕು. ಯಜಮಾನ ಬದುಕಿರುವಾಗಲೇ ವರ್ಗಾಯಿಸಲೂ ದಾರಿಯಿದೆ: 2016ರ ನಿಯಮಗಳ ಪ್ರಕಾರ ವಯಸ್ಸು 70 ತುಂಬಿರಬೇಕು, ಇಲ್ಲವೇ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿರಬೇಕು. ಬುದ್ಧಿವಂತರು ಈ ದಾರಿ ಹಿಡಿಯುತ್ತಾರೆ. ಕೋವಿಯ ಇತಿಹಾಸ ಬಲ್ಲ ಹಿರಿಯರು ಇರುವಾಗಲೇ ಕಾಗದ ಸರಿಯಾಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡೇ ಕೋವಿ ಇರಬಹುದು, ಪಿತ್ರಾರ್ಜಿತಕ್ಕೂ ಇದೇ ಮಿತಿ. ಲೈಸೆನ್ಸಿನ ಅವಧಿ ಐದು ವರ್ಷ. ಕಾವೇರಿ ವನ್ಯಧಾಮದಂಥ ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ವಾಸವಿರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು.

ಕೋವಿ ಇದೆಯೆಂದು ಹಂದಿಗೆ ಗುರಿಯಿಡುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಂದಿನಿಂದ ಬೆಳೆ ತಿನ್ನುವ ಪ್ರಾಣಿಯನ್ನು ಹೊಡೆಯಲೂ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ಕಾಯುವವರಿಗೆ ಬೇಕಾಗಿರುವುದು ಒಂದು ದೊಡ್ಡ ಸದ್ದು. ಅದಕ್ಕೆ ರೈಫಲ್ ಸಲ್ಲದು. ಅದರ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ, ಬಿಡದಿ ಸುತ್ತ ಈಗ ಅಷ್ಟು ದೂರ ಮನೆಯಿಲ್ಲದ ಜಾಗ ಎಲ್ಲಿದೆ? ಬೆಳೆ ರಕ್ಷಣೆಗೆ ಆಯುಧ ಕಾಯ್ದೆ ಮೊದಲು ಹೆಸರಿಸಿರುವುದೂ ಕೇಪಿನ ಕೋವಿಯನ್ನೇ.

ಆದ್ದರಿಂದ ವಿಲಾಯತಿ ರೈಫಲ್ಲಿನ ವಾರಸುದಾರರಿಗೆ ನನ್ನ ಸಲಹೆ ಇಷ್ಟು. ಎರಡರ ಮಿತಿಯಲ್ಲಿ ಒಂದನ್ನು ತಾತನ ನೆನಪಿಗೆ ಇಟ್ಟುಕೊಳ್ಳಿ. ತೋಟಾಕ್ಕೆಂದು ದುಡ್ಡು ಸುರಿಯಬೇಡಿ, ನಳಿಗೆಗೆ ಎಣ್ಣೆ ಸವರಿ ಲೈಸೆನ್ಸ್ ಜೀವಂತವಾಗಿಡಿ. ಹೊಲಕ್ಕೆ ಬೇಕೇಬೇಕೆಂದರೆ ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ, ಹನ್ನೆರಡು ಬೋರಿನದನ್ನು ಪಡೆಯಿರಿ. ಅದರ ತೋಟಾ ಇವತ್ತಿಗೂ ಸಿಗುತ್ತದೆ, ಬೆಲೆಯೂ ತಾಳಿಕೊಳ್ಳುವಂಥದ್ದು. ತಾತನ ಪೆಟ್ಟಿಗೆಯ ತಳದಲ್ಲಿ ಹಿತ್ತಾಳೆ ಹಸಿರುಗಟ್ಟಿದ, ಕಾಗದದ ಮೈ ಉಬ್ಬಿದ ಹಳೇ ತೋಟಾಗಳಿದ್ದರೆ ಬಿಸಿಲಿಗಿಟ್ಟು ಒಣಗಿಸುವುದು, ಪರೀಕ್ಷೆಗೆಂದು ಒಂದು ಹೊಡೆದು ನೋಡುವುದು ಬೇಡವೇ ಬೇಡ. ಠಾಣೆಗೆ ಮೊದಲೇ ತಿಳಿಸಿ ಒಪ್ಪಿಸಿಬಿಡಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.