ಸಾಧನಕೇರಿಯ ಸಂಸಾರಿ

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಕಣ್ಣು ಮುಚ್ಚಿದ್ದು ಧಾರವಾಡದಲ್ಲಲ್ಲ, ನಮ್ಮ ಈ ಮುಂಬಯಿಯಲ್ಲಿ. ಅದು 1981ರ ಅಕ್ಟೋಬರ 26, ದೀಪಾವಳಿಯ ಹೊತ್ತು. ಇದನ್ನು ಹೇಳಿದಾಗ ನಮ್ಮ ಎಳೆಯರಲ್ಲಿ ಹಲವರು ‘ಹೌದೇ?’ ಎಂದು ಹುಬ್ಬೇರಿಸುತ್ತಾರೆ. ವರಕವಿಯೆಂದು ಅವರನ್ನು ಕೊಂಡಾಡುವ ಭಾಷಣಗಳನ್ನು ನಾವೆಲ್ಲರೂ ಬೇಕಾದಷ್ಟು ಕೇಳಿದ್ದೇವೆ. ಗಂಡನಾಗಿ, ತಂದೆಯಾಗಿ, ಮನೆಯ ಹಿರಿಯನಾಗಿ ಅವರು ಹೇಗೆ ಬಾಳಿದರೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಆಡುವುದಿಲ್ಲ. ತಿಂಗಳ ಪಗಾರದ ಮೇಲೆ ಸಂಸಾರ ತೂಗಿಸುವ ನಮ್ಮಂಥ ಕಾರಕೂನರಿಗೆ ಹತ್ತಿರವಾದ ಬೇಂದ್ರೆಯವರು ಈ ಎರಡನೆಯವರೇ.

ಅವರು ಹುಟ್ಟಿದ್ದು ಧಾರವಾಡದಲ್ಲಿ, 1896ರ ಜನವರಿ 31ರಂದು. ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡರು. ಅಜ್ಜಿಯೂ ತಾಯಿಯೂ ಖಾನಾವಳಿ ನಡೆಯಿಸಿ ಮನೆಯನ್ನು ಸಾಗಿಸಿದರು. ನಾಲ್ಕು ಜನಕ್ಕೆ ಬಡಿಸಿದ ಮೇಲೆ ತಮ್ಮ ತಾಟು ಹಾಕಿಕೊಳ್ಳುವ ಹೆಂಗಸರ ನಡುವೆ ಬೆಳೆದ ಹುಡುಗ ಅದನ್ನು ಮರೆಯಲಿಲ್ಲ. ಮುಂದೆ ಕವಿತೆಗೆ ಅಂಕಿತ ಬೇಕಾದಾಗ ತಾಯಿ ಅಂಬಿಕೆಯ ಹೆಸರನ್ನೇ ಹಿಡಿದು ‘ಅಂಬಿಕಾತನಯದತ್ತ’ ಎನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿ ಶಾಲಾಮಾಸ್ತರರಾದರು. ಅಂದ ಹಾಗೆ, ಆಗ ಆ ಕಾಲೇಜೂ ಮುಂಬಯಿ ವಿಶ್ವವಿದ್ಯಾಲಯದ ಕೈಕೆಳಗೇ ಇತ್ತು.

1919ರಲ್ಲಿ ಹುಬ್ಬಳ್ಳಿಯಲ್ಲಿ ಮದುವೆಯಾಯಿತು, ಮಡದಿ ಲಕ್ಷ್ಮೀಬಾಯಿ. ಮಾಸ್ತರಿಕೆಯ ಸಂಬಳ, ಗೆಳೆಯರ ಗುಂಪು, ಹಾಡುಗಳ ಹುಚ್ಚು — ಹೀಗೆ ಹೇಗೋ ಸಾಗಿದ್ದ ಸಂಸಾರಕ್ಕೆ ‘ನರಬಲಿ’ ಎಂಬ ಕವಿತೆ ಕೊಡಲಿಪೆಟ್ಟು ಹಾಕಿತು. ಆಂಗ್ಲ ಸರಕಾರ ಅದರಲ್ಲಿ ರಾಜದ್ರೋಹ ಕಂಡಿತು. 1932ರಲ್ಲಿ ಹಿಂಡಲಗಾ ಸೆರೆಮನೆ, ಬಳಿಕ ಮುಗದದಲ್ಲಿ ಸ್ಥಾನಬದ್ಧತೆ. ಹೊರಗೆ ಬಂದ ಮೇಲೂ ನೆಲೆಯಾದ ನೌಕರಿ ವರುಷಗಟ್ಟಲೆ ದೊರೆಯಲಿಲ್ಲ. ಬಡತನವು ಕವಿಗೆ ಭೂಷಣವೆಂದು ಹೊಗಳುವವರುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಭೂಷಣವೆಲ್ಲ ಕವಿಗೆ ಹೋಯಿತು. ಒಲೆಯ ಮುಂದೆ ಕುಳಿತು ಹಿಟ್ಟಿನ ಡಬ್ಬಿ ತೆಗೆದು ನೋಡುವ ಕೆಲಸ ಲಕ್ಷ್ಮೀಬಾಯಿಯವರ ಪಾಲಿಗೆ ಬಂದಿತು.

ಬೇಂದ್ರೆಯವರ ದೊಡ್ಡತನವೆಂದರೆ ಇದನ್ನು ಅವರು ಅರಿತಿದ್ದರು, ಮುಚ್ಚಿಡಲಿಲ್ಲ. 1937ರಲ್ಲಿ ಹೊರಬಂದ ‘ಸಖೀಗೀತ’ವು ಅವರ ದಾಂಪತ್ಯದ ಕಥೆಯೇ. ದೇವರನ್ನೋ ರಾಜರನ್ನೋ ಕುರಿತು ನೀಳ್ಗವನ ಬರೆದವರು ಕನ್ನಡದಲ್ಲಿ ಬಹಳ. ಜೊತೆಗೆ ಕಷ್ಟ ಉಂಡ ಹೆಂಡತಿಯನ್ನು ಸಖಿಯೆಂದು ಕರೆದು, ಕಳೆದ ವರುಷಗಳ ಸುಖ ದುಃಖಗಳನ್ನು ಅವಳ ಮುಂದೆಯೇ ಎಣಿಸಿದವರು ಅಪರೂಪ. ನಮ್ಮ ಮನೆಗಳಲ್ಲಿ ಗಂಡಂದಿರು ಇಂಥ ಲೆಕ್ಕವನ್ನು ಎಂದೂ ಕೊಡುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕನ್ನು ತೋರಿಸಿದರೇ ಹೆಚ್ಚು!

ಆ ದಂಪತಿಗಳು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡರು. ಉಳಿದು ಬೆಳೆದವರು ಪಾಂಡುರಂಗ, ವಾಮನ, ಮಂಗಲಾ ಮೂವರೇ. ಮಗು ತೀರಿಕೊಂಡಾಗ ಹೆಂಡತಿ ನೋಡಿದ ನೋಟವನ್ನು ತಾಳಲಾರದೆ ಗಂಡ ಆಡಿದ ಮಾತಿನ ಹಾಡೊಂದಿದೆ. ಯಾವುದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಗಣೇಶೋತ್ಸವದ ಗಾಯನದಲ್ಲಿ ಅದನ್ನು ಎತ್ತಿಕೊಂಡರೆ ಹಿಂದಿನ ಸಾಲಿನ ಗುಸುಗುಸು ಕೂಡ ನಿಲ್ಲುತ್ತದೆ. ಆ ಹಾಡಿನಲ್ಲಿ ಗಂಡ ಹೆಂಡತಿಗೆ ವೇದಾಂತ ಹೇಳುವುದಿಲ್ಲ, ಹಣೆಬರಹವೆಂದು ಸಮಾಧಾನವನ್ನೂ ಮಾಡುವುದಿಲ್ಲ. ಅವಳು ತನ್ನನ್ನು ನೋಡಿದರೆ ತಾನು ಅವಳನ್ನು ಹೇಗೆ ನೋಡಲಿ ಎಂಬ ಅಸಹಾಯತೆಯಷ್ಟೇ ಅಲ್ಲಿದೆ. ಕೂಸನ್ನು ಕಳೆದುಕೊಂಡ ಮನೆಯಲ್ಲಿ ತಾಯಿಯ ದುಃಖ ಎಲ್ಲರಿಗೂ ಕಾಣುತ್ತದೆ. ತಂದೆ ಕಟ್ಟಿಗೆಯ ಏರ್ಪಾಟಿಗೆಂದು ಹೊರಗೆ ಓಡಾಡುತ್ತಿರುತ್ತಾನೆ. ಅವನ ದುಃಖಕ್ಕೆ ಕನ್ನಡದಲ್ಲಿ ಒಂದು ದನಿ ಸಿಕ್ಕಿದ್ದು ಹೀಗೆ.

ಉದ್ಯೋಗವಿಲ್ಲದ ಆ ಕಾಲದಲ್ಲಿಯೇ, 1935ರಲ್ಲಿ, ಅವರು ಎಂ.ಎ. ಮಾಡಿಕೊಂಡರು. ಆಗ ವಯಸ್ಸು ಮೂವತ್ತೊಂಬತ್ತು. ಬಿ.ಎ. ಎಂದೋ ಮುಗಿಸಿ ಇನ್ನು ಓದು ಸಾಕೆಂದು ಕುಳಿತ ನಾವು ಈ ಅಂಕಿಯನ್ನು ತುಸು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಆ ಪದವಿ ಕೂಡಲೇ ಅನ್ನ ಕೊಡಲಿಲ್ಲ. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಕರೆಯಿತು. ಹತ್ತಿಯ ಗಿರಣಿಗಳ ಆ ಊರಿನಲ್ಲಿ 1956ರ ವರೆಗೆ, ಹನ್ನೆರಡು ವರುಷ, ಅವರು ಕನ್ನಡ ಕಲಿಸಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಭಾಷೆಯ ನಡುವೆ ದುಡಿದವರಲ್ಲಿ ಬೇಂದ್ರೆಯವರೂ ನಮ್ಮವರೇ ಆದರು.

ಆದರೆ ಅವರಿಗೆ ಅದು ಪರಭಾಷೆಯೆಂದು ಹೇಳುವುದೂ ಕಷ್ಟ. ಅವರ ಮನೆಮಾತು ಮರಾಠಿ. ಮರಾಠಿಯಲ್ಲಿ ಬರೆದ ‘ಸಂವಾದ’ಕ್ಕೆ 1965ರಲ್ಲಿ ಕೇಳಕರ ಬಹುಮಾನವೂ ಬಂದಿತು. ಒಳಗೆ ಮರಾಠಿ, ಓಣಿಯಲ್ಲಿ ಕನ್ನಡ. ಎರಡನ್ನೂ ಬಿಡದೆ ಓಣಿಯ ಮಾತನ್ನು ಕಾವ್ಯಕ್ಕೇರಿಸಿದರು. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಒಳಗೆ ಕನ್ನಡ, ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ನಮ್ಮ ಮಗಳು ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತಾಡುವಾಗ ಮೂರನ್ನೂ ಕಲಸಿಬಿಡುತ್ತಾಳೆ. ಅಜ್ಜಿ ‘ಏನಂದಿ ಪುಟ್ಟಿ?’ ಎಂದು ಎರಡೆರಡು ಸಲ ಕೇಳುತ್ತಾರೆ. ಬೇಂದ್ರೆಯವರಿಗೆ ಒದಗಿದ ಆ ಕನ್ನಡದ ಓಣಿ ಇಲ್ಲಿ ಇಲ್ಲ. ವಾರಕ್ಕೊಮ್ಮೆ ಸಂಘದ ಅಂಗಳದಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.

1958ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ, 1973ರ ಜ್ಞಾನಪೀಠ ಮುಂತಾದುವು ಎಲ್ಲರಿಗೂ ಗೊತ್ತಿದ್ದುವೇ. ಧಾರವಾಡದ ಜನ ಅಷ್ಟರಲ್ಲಿ ಅವರನ್ನು ‘ಬೇಂದ್ರೆ ಅಜ್ಜ’ ಮಾಡಿಕೊಂಡಿದ್ದರು. ಮನೆಗೆ ಬಂದವರು ದೊಡ್ಡವರಿರಲಿ, ಕೂಸಿರಲಿ, ಅಜ್ಜನ ಸಕ್ಕರೆ ಕೈಗೆ ಬೀಳುತ್ತಿತ್ತು. ಹಿಟ್ಟಿನ ಡಬ್ಬಿ ಬರಿದಾದ ದಿನಗಳನ್ನು ಕಂಡ ಮನೆಯದು.

ಮಗ ವಾಮನ ಬೇಂದ್ರೆಯವರು ತಾವೂ ಲೇಖಕರಾಗಿದ್ದರು. ತಂದೆಯ ಕವಿತೆಗಳನ್ನೆಲ್ಲ ಒಟ್ಟುಗೂಡಿಸಿ ‘ಔದುಂಬರಗಾಥೆ’ಯೆಂಬ ಸಂಪುಟಗಳಾಗಿ ಸಂಪಾದಿಸಿ ಕೊಟ್ಟರು. ತಾಯಿಯ ಹೆಸರನ್ನು ಹೊತ್ತ ತಂದೆಗೆ ಅವರ ಬರಹದ ಹೊರೆಯನ್ನು ಹೊರುವ ಮಗ ಸಿಕ್ಕಿದ.

ಸಾಧನಕೇರಿಯ ಮನೆಯ ಬಳಿ ಈಗ ಬೇಂದ್ರೆ ಭವನವಿದೆ. ಬೇಸಿಗೆಯ ರಜೆಯಲ್ಲಿ ಹುಬ್ಬಳ್ಳಿ ಧಾರವಾಡದ ಕಡೆಗೆ ಹೋಗುವ ಕುಟುಂಬಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮಕ್ಕಳಿಗೆ ಅದನ್ನು ತೋರಿಸಬಹುದು. ಕೆರೆ ಎದುರಿಗೇ ಇದೆ.